ಕಪ್ತಾನನ ಬೈಗುಳ ಯಾರ ದನಿಯಲ್ಲಿ? ಒಂದು ಪ್ರಕರಣ ಅಧ್ಯಯನ

ಚಿಕ್ಕಮಗಳೂರಿನ ನಮ್ಮ ಮನೆಯ ಹಜಾರದಲ್ಲಿ ಶನಿವಾರ ಮಧ್ಯಾಹ್ನ ಒಂಬತ್ತು ಮಕ್ಕಳು ಸೇರುತ್ತಾರೆ. ಎಂಟರಿಂದ ಹದಿಮೂರು ವರ್ಷದವರು, ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದುವವರು. ಕಥೆ ಓದುತ್ತೇವೆ, ಅಪರೂಪಕ್ಕೆ ಸಿನಿಮಾ ನೋಡುತ್ತೇವೆ, ಹಲಸಿನ ಹಪ್ಪಳ ತಿನ್ನುತ್ತೇವೆ. ಕಳೆದ ಮಳೆಗಾಲದಲ್ಲಿ ಈ ಪುಟ್ಟ ಕೂಟ ಟಿನ್‌ಟಿನ್ ಎಂಬ ತರುಣ ವರದಿಗಾರನ ಸಾಹಸಗಳ ಕಾಮಿಕ್ಸ್ ಪುಸ್ತಕವೊಂದರ ದೆಸೆಯಿಂದ ಮುರಿದುಬೀಳುವ ಹಂತಕ್ಕೆ ಬಂದಿತ್ತು. ಮಕ್ಕಳೊಂದಿಗೆ ಇಂಥ ಕೆಲಸ ಮಾಡುವವರಿಗೆ ಉಪಯೋಗವಾಗಬಹುದೆಂದು ನನ್ನ ಟಿಪ್ಪಣಿ ಪುಸ್ತಕದಿಂದ ಅದನ್ನು ಎತ್ತಿ ಬರೆಯುತ್ತಿದ್ದೇನೆ. ಹೆಸರುಗಳನ್ನೆಲ್ಲ ಬದಲಿಸಿದ್ದೇನೆ, ಉದ್ಯೋಗ ಊರುಗಳ ಗುರುತನ್ನೂ ಮರೆಸಿದ್ದೇನೆ. ಒಂದು ಕೆರೆಯನ್ನು ಮಾತ್ರ ಬದಲಿಸಲಾಗಲಿಲ್ಲ. ಏಕೆಂದು ಮುಂದೆ ತಿಳಿಯುತ್ತದೆ.

ಹಿನ್ನೆಲೆ

ಪ್ರಕರಣದ ಮುಖ್ಯ ವ್ಯಕ್ತಿಯನ್ನು ಸೋಮಣ್ಣ ಎನ್ನೋಣ. ಐವತ್ತು ದಾಟಿದವರು, ಲೆಕ್ಕಪತ್ರದ ಕೆಲಸ. ಮಾತು ಕಡಿಮೆ, ತಾಳಮದ್ದಳೆಯ ಹುಚ್ಚು ಹೆಚ್ಚು. ಕೊಪ್ಪದಲ್ಲಿ ಕೂಟವಿದೆ ಎಂದರೆ ಮಳೆಯಲ್ಲೂ ಬಸ್ಸು ಹತ್ತುವವರು. ನಮ್ಮ ಕೂಟಕ್ಕೆ ತಾವಾಗಿ ಬಂದು, 'ನನ್ನ ಹತ್ತಿರ ಟಿನ್‌ಟಿನ್ ಪುಸ್ತಕಗಳಿವೆ, ಮಕ್ಕಳಿಗೆ ಹೇಳಿಕೊಡಬಹುದೇ?' ಎಂದು ಕೇಳಿದರು. ನನಗೆ ಹಬ್ಬವಾಯಿತು.

ಅವರಿಗೆ ಆ ಪುಸ್ತಕಗಳು ಸಿಕ್ಕಿದ್ದು 1980ರ ದಶಕದ ಆರಂಭದಲ್ಲಿ. ಅವರ ಸೋದರಮಾವ ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ರೈಟರಾಗಿದ್ದರು, ಎಂದರೆ ತೋಟದ ಲೆಕ್ಕ ಬರೆಯುವ ಗುಮಾಸ್ತರು. ತೋಟದ ಬಂಗಲೆಯ ಮಕ್ಕಳು ದೂರದ ವಸತಿ ಶಾಲೆಯಿಂದ ರಜೆಗೆ ಬಂದಾಗ ತಂದು, ಓದಿ, ಹರಿದು, ಬಿಟ್ಟುಹೋದ ಪುಸ್ತಕಗಳು ರೈಟರ ಮನೆಗೆ ಬರುತ್ತಿದ್ದವು. ಬೇಸಿಗೆ ರಜೆಯಲ್ಲಿ ಮಾವನ ಮನೆಗೆ ಹೋಗುತ್ತಿದ್ದ ಹತ್ತು ವರ್ಷದ ಸೋಮಣ್ಣನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಮಾವ ಸಂಜೆ ಲಾಟೀನಿನ ಮುಂದೆ ಕುಳಿತು, ಚೌಕದಿಂದ ಚೌಕಕ್ಕೆ ಬೆರಳು ಜಾರಿಸುತ್ತ, ಕನ್ನಡದಲ್ಲಿ ಓದಿ ಹೇಳುತ್ತಿದ್ದರು.

ಈ ಕಥೆಯ ಕಪ್ತಾನ ಹ್ಯಾಡಕ್ ಹಡಗಿನವನು, ಕುಡುಕ, ಮುಂಗೋಪಿ, ಬೈಗುಳದ ಗಣಿ. ಕಥೆ ಬರುತ್ತಿದ್ದದ್ದು ಮಕ್ಕಳು ಓದುವ ಪುಟದಲ್ಲಿ, ಅಲ್ಲಿ ನಿಜವಾದ ಕೆಟ್ಟ ಮಾತು ಬರೆಯುವಂತಿಲ್ಲ. ಸಂತೆಯಲ್ಲಿ ವ್ಯಾಪಾರಿಯೊಬ್ಬ ಗಿರಾಕಿಯನ್ನು 'ನಾಲ್ಕು ರಾಷ್ಟ್ರಗಳ ಒಪ್ಪಂದವೇ' ಎಂದು ಜರೆದದ್ದನ್ನು ಕೇಳಿ ತನಗೆ ದಾರಿ ಹೊಳೆಯಿತೆಂದು ಚಿತ್ರಕಾರ ಎರ್ಜೆ ಹೇಳಿಕೊಂಡಿದ್ದಾರೆ. ಅರ್ಥ ಏನೇ ಇರಲಿ, ಸಿಟ್ಟಿನಿಂದ ಒದರಿದರೆ ಯಾವ ಪದವೂ ಬೈಗುಳವೇ. ಹಾಗಾಗಿ ಕಪ್ತಾನ ಕಡಲಚಿಪ್ಪು, ಪ್ರಾಚೀನ ಪ್ರಾಣಿ, ತರಕಾರಿ, ಎಲ್ಲವನ್ನೂ ಎದುರಾಳಿಯ ಮುಖಕ್ಕೆ ಎಸೆಯುತ್ತಾನೆ. ಮಾವನಿಗೆ ಈ ಹಿನ್ನೆಲೆ ತಿಳಿದಿರಲಿಲ್ಲ. ಆದರೂ ಮಾಡಿದ್ದು ಅದನ್ನೇ. ತೋಟದ ರೈಟರು ತೋಟದಲ್ಲಿ ಸಿಕ್ಕಿದ್ದನ್ನೆಲ್ಲ ಎಸೆದರು. 'ಎಲಾ ಬಿಳಿ ಕಾಂಡಕೊರಕವೇ!' 'ಕೊಳೆರೋಗದ ಅಡಿಕೆಯೇ!' 'ಮಳೆಗಾಲದ ಉಂಬಳವೇ, ರಕ್ತ ಬಿಡು!' ಟಿನ್‌ಟಿನ್‌ನ ಬಿಳಿ ನಾಯಿಗೆ ಬೆಳ್ಳ ಎಂದು ಹೆಸರಿಟ್ಟರು. ಒಂದೇ ಥರ ಕಾಣುವ ಇಬ್ಬರು ಪತ್ತೇದಾರರು ತಿಮ್ಮ ಮತ್ತು ತಿಮ್ಮಪ್ಪ ಆದರು.

ಸಮುದ್ರದ ವಿಚಾರ ಬೇರೆ. ಹುಡುಗ ಸಮುದ್ರ ನೋಡಿರಲಿಲ್ಲ. ಅವನ ಊರು ಸಖರಾಯಪಟ್ಟಣದ ಕಡೆ, ಕಂಡದ್ದು ಅಯ್ಯನಕೆರೆಯನ್ನು. ಗುಡ್ಡದ ಬುಡದಲ್ಲಿ ಹರಡಿಕೊಂಡ ಆ ನೀರಿನ ಮೇಲೆಯೇ ಹಡಗುಗಳು ಬಂದವು, ಫಿರಂಗಿ ಹಾರಿಸಿದವು, ಮುಳುಗಿದವು. 'ಇವತ್ತಿಗೂ ಕಡಲ್ಗಳ್ಳರು ಎಂದರೆ ನನಗೆ ಕೆರೆಯ ಏರಿ ಕಾಣುತ್ತದೆ' ಎಂದು ಸೋಮಣ್ಣ ಒಮ್ಮೆ ಹೇಳಿದ್ದರು.

ಸಮಸ್ಯೆ

ಟಿನ್‌ಟಿನ್ ಮೊದಲು ಕಾಣಿಸಿಕೊಂಡದ್ದು 1929ರ ಜನವರಿ 10ರಂದು, ಬ್ರಸೆಲ್ಸ್‌ನ ಪತ್ರಿಕೆಯೊಂದರ ಮಕ್ಕಳ ಪುರವಣಿಯಲ್ಲಿ. ಎರ್ಜೆ 1983ರ ಮಾರ್ಚ್‌ನಲ್ಲಿ ತೀರಿಕೊಂಡರು. ಅದೇ ವರ್ಷ ಹಾಲಿವುಡ್ ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ ಈ ಕಥೆಗಳನ್ನು ಸಿನಿಮಾ ಮಾಡುವ ಮಾತುಕತೆ ಶುರು ಮಾಡಿದ್ದರು. ಸಿನಿಮಾ ಬಂದದ್ದು 2011ರಲ್ಲಿ. ಪೀಟರ್ ಜ್ಯಾಕ್ಸನ್ ನಿರ್ಮಾಪಕರಲ್ಲೊಬ್ಬರು. ನಟರ ಮೈಗೆ, ಮುಖಕ್ಕೆ ಗುರುತುಗಳನ್ನು ಅಂಟಿಸಿ, ಅವರ ಚಲನೆಯನ್ನು ಕಂಪ್ಯೂಟರ್‌ಗೆ ಇಳಿಸಿ, ಅದರ ಮೇಲೆ ಪಾತ್ರಗಳನ್ನು ಕಟ್ಟುವ ವಿಧಾನ. ಅಮೆರಿಕಕ್ಕಿಂತ ಒಂದು ತಿಂಗಳಿಗೂ ಮುಂಚೆ, ನವೆಂಬರ್ 11ರಂದೇ ನಮ್ಮ ದೇಶದಲ್ಲಿ ತೆರೆಕಂಡಿತು. ಸೋಮಣ್ಣ ರಜೆ ಹಾಕಿ, ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ಮೂರು ಆಯಾಮದ ಕನ್ನಡಕ ಹಾಕಿಕೊಂಡು ನೋಡಿದರು. ಮರುದಿನ ವಾಪಸು ಬಂದವರು ಪುಸ್ತಕಗಳನ್ನು ಅಟ್ಟಕ್ಕೆ ಹಾಕಿದರಂತೆ.

ಹನ್ನೆರಡು ವರ್ಷಗಳ ಮೇಲಾದರೂ ಆ ಸಿಟ್ಟು ಆರಿರಲಿಲ್ಲ. ಕೂಟದ ಮಕ್ಕಳು ಆ ಸಿನಿಮಾದ ತುಣುಕನ್ನು ಮೊಬೈಲ್‌ನಲ್ಲಿ ನೋಡಿದ್ದರು, ಪೂರ್ತಿ ನೋಡಬೇಕೆಂದು ಹಟ ಹಿಡಿದರು. ಸೋಮಣ್ಣನಿಗೆ ಅದು ಬೇಡ. 'ಅದು ಟಿನ್‌ಟಿನ್ ಅಲ್ಲವೇ ಅಲ್ಲ ಮೇಡಂ. ಮೂಗಿನ ಮೇಲೆ ಬೆವರಿನ ರಂಧ್ರ ಕಾಣುತ್ತದೆ. ಅವನ ಮುಖ ಎಂದರೆ ಎರಡು ಚುಕ್ಕಿ, ಒಂದು ಗೆರೆ.'

ಮೇಲುನೋಟಕ್ಕೆ ಇದು ಹಳಬರು ಹೊಸಬರ ಜಗಳ. ನಾನೂ ಹಾಗೆಯೇ ಎಣಿಸಿದೆ, ಆ ಲೆಕ್ಕದ ಮೇಲೆಯೇ ಮೊದಲ ಎರಡು ತಪ್ಪುಗಳನ್ನು ಮಾಡಿದೆ.

ಮಾಡಿದ ಪ್ರಯತ್ನಗಳು

ಮೊದಲ ತಪ್ಪು ನನ್ನ ನಿಯಮದ್ದು: ಮೊದಲು ಪುಸ್ತಕ, ಆಮೇಲೆ ಸಿನಿಮಾ. ಗ್ರಂಥಾಲಯದವರೂ ಶಾಲೆಯವರೂ ಮಂತ್ರದಂತೆ ಹೇಳುವ ಮಾತು. ನಾಲ್ಕು ಶನಿವಾರ ಸೋಮಣ್ಣ ಒಂದೇ ಪ್ರತಿ ಹಿಡಿದು ಪಾಠ ಮಾಡಿದರು. 62 ಪುಟ, ಪುಟಕ್ಕೆ ಹತ್ತು ಹನ್ನೆರಡು ಚೌಕ, ಗುಳ್ಳೆಯೊಳಗೆ ಇರುವೆಸಾಲಿನಂಥ ಇಂಗ್ಲಿಷ್. ಒಂಬತ್ತು ತಲೆಗಳು ಒಂದೇ ಪುಟದ ಮೇಲೆ ಬಗ್ಗಿದರೆ ಹಿಂದಿನ ಐವರಿಗೆ ಕಾಣುವುದು ಮುಂದಿನ ನಾಲ್ವರ ಜಡೆ. ಜೊತೆಗೆ ಅವರು ಕಥೆ ಹೇಳುತ್ತಿರಲಿಲ್ಲ, ಭಾಷಾಂತರ ಮಾಡುತ್ತಿದ್ದರು. ಸರಿಯಾದ ಪದ ಬರುವ ತನಕ ಕಣ್ಣು ಮುಚ್ಚಿ ಕಾಯುತ್ತಿದ್ದರು. ಹೊರಗೆ ಪುನರ್ವಸು ಮಳೆ ಹಂಚಿನ ಮೇಲೆ ಬೀಳುವ ಸದ್ದೇ ಅದಕ್ಕಿಂತ ಸ್ವಾರಸ್ಯವಾಗಿತ್ತು. ಮೂರನೇ ವಾರಕ್ಕೆ ಮಕ್ಕಳು ಆರಾದರು.

ಆಗ ಮಾಡಿದ ಎರಡನೇ ತಪ್ಪು ರಾಜಿಯದ್ದು. ಸಿನಿಮಾ ಹಾಕೋಣ, ಸೋಮಣ್ಣ ನಡುನಡುವೆ ನಿಲ್ಲಿಸಿ ವಿವರಿಸಲಿ ಎಂದೆ. ರಿಮೋಟನ್ನು ಅವರ ಕೈಗೆ ಕೊಟ್ಟೆ. ಮೊದಲ ನಲವತ್ತು ನಿಮಿಷದಲ್ಲಿ ಅವರು ಹದಿನೇಳು ಸಲ ನಿಲ್ಲಿಸಿದ್ದನ್ನು ಗೀಟು ಹಾಕಿ ಎಣಿಸಿದ್ದೇನೆ. 'ಈ ಸಖಾರಿನ್ ಪುಸ್ತಕದಲ್ಲಿ ಖಳನಾಯಕನೇ ಅಲ್ಲ, ಹಡಗಿನ ಮಾದರಿಗಳನ್ನು ಸಂಗ್ರಹಿಸುವ ಒಬ್ಬ ಪಾಪದವನು.' 'ಕಪ್ತಾನ ಟಿನ್‌ಟಿನ್‌ಗೆ ಮೊದಲು ಸಿಗುವುದು ಬೇರೆಯೇ ಕಥೆಯಲ್ಲಿ. ಮೂರು ಪುಸ್ತಕಗಳನ್ನು ಕಲಸಿಬಿಟ್ಟಿದ್ದಾರೆ.' ಹೇಳಿದ್ದೆಲ್ಲ ನಿಜ. ಸಿನಿಮಾ ಮೂರು ಪುಸ್ತಕಗಳಿಂದ ಎಳೆ ತೆಗೆದುಕೊಂಡಿದೆ, ಪುಸ್ತಕದಲ್ಲಿ ಕೇಡಿಗರು ಹಕ್ಕಿ ಎಂಬ ಅಡ್ಡಹೆಸರಿನ ಅಣ್ಣತಮ್ಮಂದಿರು. ನಿಜವಾದ ಮಾತು ಹೇಳಿಯೂ ಒಂದು ಮಧ್ಯಾಹ್ನವನ್ನು ಹಾಳು ಮಾಡಬಹುದು ಎನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ.

ಹದಿನೇಳನೆಯ ಸಲ ಆರನೇ ತರಗತಿಯ ಹುಡುಗಿ, ಮಿಂಚು ಎನ್ನೋಣ, ತಿರುಗಿ ಕುಳಿತು ಹೇಳಿದಳು: 'ಸೋಮಣ್ಣ ಅಂಕಲ್, ಪುಸ್ತಕದ್ದು ಪುಸ್ತಕದಲ್ಲೇ ಇರಲಿ. ನಾವು ಇದನ್ನು ನೋಡುತ್ತೇವೆ.'

ಅವರು ರಿಮೋಟನ್ನು ಹಪ್ಪಳದ ತಟ್ಟೆಯ ಪಕ್ಕ ಇಟ್ಟು, ಬಾಗಿಲ ಮೂಲೆಯಿಂದ ಕೊಡೆ ತೆಗೆದುಕೊಂಡು ಹೋದರು. ಮುಂದಿನ ಎರಡು ಶನಿವಾರ ಬರಲಿಲ್ಲ.

ತಿರುವು

ಮೂರನೇ ವಾರ ಜಿಲ್ಲೆಯ ಶಾಲೆಗಳಿಗೆ ಮಳೆ ರಜೆ ಕೊಟ್ಟಿದ್ದರು. ನಾನು ಅವರ ಮನೆಗೆ ಹೋದೆ. ಕ್ಷಮೆ ಕೇಳಲು ಹೋಗಿದ್ದೆನೇ, ಒಪ್ಪಿಸಲು ಹೋಗಿದ್ದೆನೇ, ನನಗೇ ಸ್ಪಷ್ಟವಿರಲಿಲ್ಲ. ಮನೆಯವರು ಕಾಫಿ ತಂದಿಟ್ಟರು. ಸಿನಿಮಾದ ಮಾತು ಬಂದ ಕೂಡಲೇ ಹಳೆಯ ದೂರುಗಳ ಪಟ್ಟಿ ಬಿಚ್ಚಿಕೊಂಡಿತು. ನಾನು ನಡುವೆ ಬಾಯಿ ಹಾಕಿ, ಸುಮ್ಮನೆ ಕುತೂಹಲಕ್ಕೆ ಕೇಳಿದೆ: 'ಎಲ್ಲವೂ ಬೇಡ. ಯಾವ ಒಂದು ಪುಟಕ್ಕೆ ಅನ್ಯಾಯವಾಯಿತು, ಅದನ್ನು ತೋರಿಸಿ.'

ಇಡೀ ಪ್ರಕರಣದಲ್ಲಿ ನಾನು ಮಾಡಿದ ಸರಿಯಾದ ಕೆಲಸಗಳು ಎರಡು. ಇದು ಮೊದಲನೆಯದು.

ಅವರು ಒಳಗೆ ಹೋಗಿ ರಕ್ಷಾಪುಟವಿಲ್ಲದ, ಬೆನ್ನಿಗೆ ಕಾಕಿ ಕಾಗದ ಅಂಟಿಸಿದ ಪ್ರತಿ ತಂದರು. ಹುಡುಕುವ ಅಗತ್ಯವೇ ಇರಲಿಲ್ಲ, ತಾನಾಗಿ ಬಿಚ್ಚಿಕೊಂಡಿತು. ಯೂನಿಕಾರ್ನ್ ಹಡಗಿನ ಕಥೆಯಲ್ಲಿ ಕಪ್ತಾನ ತನ್ನ ಪೂರ್ವಜನ ಕಡಲಕಾಳಗವನ್ನು ಟಿನ್‌ಟಿನ್‌ಗೆ ಹೇಳುವ ಭಾಗ ಅದು. ಕಪ್ತಾನ ಕುಳಿತು ಹೇಳುವುದಿಲ್ಲ. ಪೂರ್ವಜನ ಟೋಪಿ ಹಾಕಿಕೊಂಡು, ಕತ್ತಿ ಹಿರಿದು, ತನ್ನದೇ ಕೋಣೆಯಲ್ಲಿ ಯುದ್ಧ ಮಾಡುತ್ತಾನೆ. ಒಂದು ಚೌಕದಲ್ಲಿ ನಿಜವಾದ ಹಡಗು, ಕಡಲ್ಗಳ್ಳರು. ಪಕ್ಕದ ಚೌಕದಲ್ಲಿ ಅದೇ ಭಂಗಿಯಲ್ಲಿ ಕೋಣೆಯಲ್ಲಿ ಕುಣಿಯುವ ಕಪ್ತಾನ. ಎದುರಾಳಿ ಇಲ್ಲ, ಕತ್ತಿ ಬೀಸಿದ್ದಕ್ಕೆ ಮನೆಯ ಸಾಮಾನಿಗೆ ಏಟು. 1942ರಲ್ಲಿ ಬರೆದ ಪುಟಗಳು. ಅಂಥ ಓಟ ನಾನು ಬೇರೆಲ್ಲೂ ಕಂಡಿಲ್ಲ.

'ಮಾವ ಇದನ್ನು ಓದುತ್ತಿರಲಿಲ್ಲ, ಮಾಡುತ್ತಿದ್ದರು' ಎಂದರು ಸೋಮಣ್ಣ. 'ಹೆಗಲ ಮೇಲಿನ ಟವೆಲ್ ತಲೆಗೆ ಸುತ್ತುವುದು, ಗಿಡ ಕಸಿ ಮಾಡುವ ಕೈಯಲ್ಲಿ ಊರುಗೋಲು. ಮಾವ ಕಪ್ತಾನನಾಗುತ್ತಿದ್ದರು, ಕಪ್ತಾನ ಪೂರ್ವಜನಾಗುತ್ತಿದ್ದ. ಸಿನಿಮಾದಲ್ಲಿ ಏನು ಮಾಡಿದ್ದಾರೆ? ಮರುಭೂಮಿಯಲ್ಲಿ ಬಾಯಾರಿದ ಕಪ್ತಾನನಿಗೆ ಭ್ರಮೆ ಹಿಡಿಸಿ, ಮರಳು ದಿಬ್ಬವನ್ನೇ ಕಡಲು ಮಾಡಿ, ಬೆಟ್ಟದಷ್ಟು ಅಲೆ ಎಬ್ಬಿಸಿ, ಹಡಗನ್ನೇ ತಂದು ನಿಲ್ಲಿಸಿದ್ದಾರೆ. ಕಡಲನ್ನು ತೋರಿಸಿದರು ಮೇಡಂ. ಕಡಲನ್ನು ತೋರಿಸುವ ಮನುಷ್ಯನನ್ನು ತೋರಿಸಲಿಲ್ಲ.'

ಇದು ಹನ್ನೆರಡು ವರ್ಷ ಹಳಸಿದ ಗೊಣಗಾಟವಲ್ಲ, ಒಳ್ಳೆಯ ವಿಮರ್ಶೆ. ಸಿನಿಮಾದ ಪರವಾಗಿ ಹೇಳುವುದಾದರೆ, ಮರಳು ನೀರಾಗುವ ಆ ದೃಶ್ಯ ನನಗೆ ಬಹಳ ಇಷ್ಟ, ಅಲ್ಲಿಯೂ ಕಪ್ತಾನನ ಅಭಿನಯ ಪೂರ್ತಿ ಕಳೆದುಹೋಗಿಲ್ಲ. ಆದರೆ ಅವರು ಕಳೆದುಕೊಂಡದ್ದು ಏನೆಂದು ಆ ಹೊತ್ತಿಗೆ ನನಗೆ ಕಂಡಿತು. ಅಯ್ಯನಕೆರೆ ಹೋಗಿತ್ತು. ಮಾವನ ಟವೆಲ್ ಹೋಗಿತ್ತು. ತೆರೆಯ ಮೇಲಿನ ಕಪ್ತಾನನಿಗೆ ನಟ ಆ್ಯಂಡಿ ಸರ್ಕಿಸ್ ಸ್ಕಾಟ್ಲೆಂಡಿನ ಉಚ್ಚಾರ ಕೊಟ್ಟಿದ್ದಾರೆ. ಮೂಡಿಗೆರೆ ರಸ್ತೆಯ ಉಚ್ಚಾರ ಕೊಡಲು ಅವರಿಗೆ ಹೇಗೆ ಸಾಧ್ಯ?

ನಾನು ಎರಡು ಮಾತು ಹೇಳಿದೆ. ಒಂದು, ಅವರು ಓದಿದ ಇಂಗ್ಲಿಷ್ ಪುಸ್ತಕವೂ ಅನುವಾದವೇ. ಮೂಲ ಫ್ರೆಂಚ್. ನಾಯಿಯ ಹೆಸರು ಅಲ್ಲಿ ಮಿಲು, ಇಂಗ್ಲಿಷಿಗೆ ತಂದ ಇಬ್ಬರು ಅನುವಾದಕರು ಅದನ್ನು ಸ್ನೋಯಿ ಮಾಡಿದರು, ಬಂಗಾಳಿಯಲ್ಲಿ ಅದೇ ನಾಯಿ ಕುಟ್ಟುಸ್. ಅವರ ಮಾವನ ಬೆಳ್ಳನೂ ಅದೇ ಸಾಲಿನಲ್ಲಿ ನಿಲ್ಲುವವನು. ಎರಡು, ತಾಳಮದ್ದಳೆಯ ಮಾತು: ಪ್ರಸಂಗ ಒಂದೇ, ಭಾಗವತರ ಪದ್ಯವೂ ಅದೇ. ಆದರೆ ಇಂದಿನ ಕರ್ಣ ಅಂದಿನ ಕರ್ಣನಂತೆ ಅರ್ಥ ಹೇಳಲಿಲ್ಲವೆಂದು ನೀವು ಎಂದಾದರೂ ಎದ್ದು ಬಂದಿದ್ದೀರಾ?

ಈ ಎರಡನೇ ಮಾತಿನಿಂದ ಅವರು ಸೋತರು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಹಾಗೇನೂ ಆಗಲಿಲ್ಲ. 'ಎದ್ದು ಬಂದಿದ್ದೇನೆ, ಎರಡು ಸಲ' ಎಂದರು. ಅವರಿಗೆ ತಾಗಿದ್ದು ಮೊದಲನೆಯದು. ಸ್ನೋಯಿ ಎನ್ನುವುದೇ ಮೂಲವೆಂದು ನಲವತ್ತು ವರ್ಷ ನಂಬಿದ್ದರು. ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡುತ್ತಿದ್ದು, 'ಮಿಲು' ಎಂದು ಒಮ್ಮೆ ಹೇಳಿ ನೋಡಿದರು. ಆಮೇಲೆ, 'ಶನಿವಾರ ಬರುತ್ತೇನೆ. ಆದರೆ ಆ ಪೆಟ್ಟಿಗೆಯ ದನಿ ನಿಲ್ಲಿಸಬೇಕು' ಎಂದರು.

ಆಮೇಲೆ ಆದದ್ದು

ದನಿ ನಿಲ್ಲಿಸಿ ಸಿನಿಮಾ ಹಾಕಿದೆವು. ಕಪ್ತಾನನಿಗೆ ಸೋಮಣ್ಣ, ಟಿನ್‌ಟಿನ್‌ಗೆ ಮಿಂಚು, ತಿಮ್ಮ ತಿಮ್ಮಪ್ಪಂದಿರಿಗೆ ಅವಳಿ ಅಲ್ಲದ ಇಬ್ಬರು ಅಕ್ಕತಂಗಿಯರು, ಬೆಳ್ಳನಿಗೆ ಎಲ್ಲರೂ. ತೆರೆಯಲ್ಲಿ ಬಾಯಿ ಆಡಿದ ಹಾಗೆ ಇಲ್ಲಿ ಮಾತು. ಮೊದಲ ಹತ್ತು ನಿಮಿಷ ಗದ್ದಲ, ಯಾರೂ ಯಾರ ಮಾತನ್ನೂ ಕೇಳುವಂತಿರಲಿಲ್ಲ. ಆರಂಭದಲ್ಲಿ ಒಂದು ಸಂತೆಯ ದೃಶ್ಯವಿದೆ: ಬೀದಿಬದಿಯ ಚಿತ್ರಗಾರನೊಬ್ಬ ಟಿನ್‌ಟಿನ್‌ನ ಮುಖ ಬರೆದು ಕೈಗೆ ಕೊಡುತ್ತಾನೆ. ಮಿಂಚು ತನ್ನ ಪಾತ್ರದ ಮಾತು ಮರೆತು ಕೂಗಿದಳು: 'ಅಂಕಲ್, ಆ ಕಾಗದದಲ್ಲಿ ಇರುವುದು ಪುಸ್ತಕದ ಮುಖ! ಎರಡು ಚುಕ್ಕಿ!'

ಹೌದು, ಅದು ಪುಸ್ತಕದ ಮುಖವೇ. ಬರೆಯುವವನಿಗೆ ಕೊಟ್ಟಿರುವ ರೂಪ ಎರ್ಜೆಯದ್ದು. ಪುಸ್ತಕದ ಟಿನ್‌ಟಿನ್ ಸಿನಿಮಾದ ಟಿನ್‌ಟಿನ್‌ನನ್ನು ನೋಡುವ ಈ ಒಂದು ಕ್ಷಣವನ್ನು ಸೋಮಣ್ಣ ಬೆಂಗಳೂರಿನಲ್ಲಿ ಗಮನಿಸಿರಲಿಲ್ಲ. ಕನ್ನಡಕ ಸರಿಮಾಡಿಕೊಳ್ಳುತ್ತಿದ್ದೆ ಎಂದರು. ಈ ಸಲ ರಿಮೋಟ್ ಕೇಳಿ ಪಡೆದು, ತಾವಾಗಿ ನಿಲ್ಲಿಸಿ, ಎರಡು ಸಲ ನೋಡಿದರು. ಮಕ್ಕಳು ಗೊಣಗಲಿಲ್ಲ.

ಕಷ್ಟ ಬಂದದ್ದು ಬೈಗುಳದಲ್ಲಿ. ಕಪ್ತಾನನ ಸಿಟ್ಟಿನ ಒಂದು ದೃಶ್ಯದಲ್ಲಿ ಸೋಮಣ್ಣ 'ಎಲಾ ಕಾಂಡಕೊರಕವೇ' ಎನ್ನುವಷ್ಟರಲ್ಲಿ ನಾಲ್ಕನೇ ತರಗತಿಯ ಗುಂಡ ಮುಂದೆ ಜಿಗಿದು 'ಎಲಾ ರೀಚಾರ್ಜ್ ಮುಗಿದ ಸಿಮ್ ಕಾರ್ಡೇ!' ಎಂದು ಅರಚಿದ. ಹಜಾರ ಬಿದ್ದು ಬಿದ್ದು ನಕ್ಕಿತು. ಸೋಮಣ್ಣನ ಮುಖ ಗಂಟಿಕ್ಕಿತು. 'ಮಾವ ಹಾಗೆ ಹೇಳುತ್ತಿರಲಿಲ್ಲ' ಎಂದರು. ಮಕ್ಕಳಿಗೆ ಯಾವ ಮಾವ ಎಂದೇ ಗೊತ್ತಿಲ್ಲ.

ಆ ಹೊತ್ತಿನಲ್ಲಿ ನನ್ನ ನಾಲಗೆಯ ತುದಿಯಲ್ಲಿ ಒಂದು ಸಣ್ಣ ಭಾಷಣವೇ ಸಿದ್ಧವಿತ್ತು. ನುಂಗಿಕೊಂಡೆ. ಸರಿಯಾದ ಎರಡನೇ ಕೆಲಸ ಅದು. ತೆರೆಯ ಮೇಲೆ ಕಪ್ತಾನ ಬಾಯಿ ತೆರೆದುಕೊಂಡು ನಿಂತಿದ್ದ, ಯಾರೋ ನಿಲ್ಲಿಸಿದ್ದರು. ಗುಂಡ ಅಳುವಂತಾಗಿದ್ದ. ಅರ್ಧ ನಿಮಿಷವಾದರೂ ಕಳೆದಿರಬೇಕು. ಸೋಮಣ್ಣ ಹೆಗಲ ಮೇಲಿನ ಒದ್ದೆ ಟವೆಲ್ ತೆಗೆದು ತಲೆಗೆ ಸುತ್ತಿಕೊಂಡರು. ಮೊದಲು ಮೆಲ್ಲಗೆ, ರುಚಿ ನೋಡುವವರಂತೆ, 'ರೀಚಾರ್ಜ್ ಮುಗಿದ ಸಿಮ್ ಕಾರ್ಡೇ' ಎಂದರು. ಆಮೇಲೆ ಕೊಡೆಯನ್ನು ಕತ್ತಿಯಂತೆ ಹಿರಿದು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು.

ಫಲ ಏನಾಯಿತೆಂದರೆ ಎಲ್ಲವೂ ಸಿಹಿ ಎಂದು ಹೇಳಲಾರೆ. ಇಬ್ಬರು ದೊಡ್ಡ ಹುಡುಗರಿಗೆ ದನಿ ನಿಲ್ಲಿಸಿದ್ದು ಹಿಡಿಸಲಿಲ್ಲ. ಒಬ್ಬ ಈಗಲೂ ಬರುವುದಿಲ್ಲ. ಬಂದರಿನ ಊರಿನಲ್ಲಿ ನಡೆಯುವ ಮೋಟಾರ್‌ಸೈಕಲ್ ಬೆನ್ನಟ್ಟುವಿಕೆಗೆ ಮಾತ್ರ ದನಿ ಹಾಕಿದೆವು. ಅಣೆಕಟ್ಟು ಒಡೆದು, ನೀರು ಊರಿಗೆ ನುಗ್ಗಿ, ಗಿಡುಗ ಕಾಗದ ಕಚ್ಚಿಕೊಂಡು ಹಾರಿ, ಇಷ್ಟೂ ಕತ್ತರಿಯಿಲ್ಲದ ಒಂದೇ ಓಟದಲ್ಲಿ ಸಾಗುತ್ತದೆ. ಅದಕ್ಕೆ ನಮ್ಮ ಮಾತು ಬೇಕಿರಲಿಲ್ಲ. ಅದು ಚೆನ್ನಾಗಿದೆ ಎಂದು ಸೋಮಣ್ಣನೂ ಒಪ್ಪಿದರು, ಸಿನಿಮಾವನ್ನು ಮಾತ್ರ ಇಂದಿಗೂ ಒಪ್ಪಿಲ್ಲ. ಪುಸ್ತಕ ಕೇಳಿ ಒಯ್ದವರು ಐವರು. ಹಿಂದೆ ನಾಲ್ಕು ವಾರ ಮುಖದ ಮುಂದೆ ಹಿಡಿದರೂ ಬೇಡವಾಗಿದ್ದ ಅದೇ ಪುಸ್ತಕಕ್ಕೆ ಈಗ ಸರದಿ ಚೀಟಿ ಬರೆಯಬೇಕಾಯಿತು.

ಮತ್ತೆ ಇಂಥ ಸಂದರ್ಭ ಬಂದರೆ ನಾನು ಪುಸ್ತಕ ಮೊದಲೋ ಸಿನಿಮಾ ಮೊದಲೋ ಎಂಬ ಜಗಳಕ್ಕೆ ಹೋಗುವುದಿಲ್ಲ. ಸಿಟ್ಟಾದವರನ್ನು ಒಂದು ಪುಟ ತೋರಿಸಲು ಕೇಳುತ್ತೇನೆ, ಆ ಪುಟವನ್ನು ಅವರಿಗೆ ಯಾರು ಓದಿ ಹೇಳಿದರೆಂದೂ ಕೇಳುತ್ತೇನೆ. ರಿಮೋಟನ್ನು ಮೊದಲೇ ಕೊಡುವುದಿಲ್ಲ. ಮಕ್ಕಳ ಮಾತಿಗೂ ಜಾಗವಿದೆಯೆಂದು ಆರಂಭದಲ್ಲೇ ಹೇಳಿಬಿಡುತ್ತೇನೆ. ಗುಂಡನ ಆ ಅರ್ಧ ನಿಮಿಷ ತಪ್ಪಿಸಬಹುದಿತ್ತು. ಆದರೆ ತಪ್ಪಿಸಿದ್ದರೆ ಟವೆಲ್ ತಲೆಗೇರುತ್ತಿತ್ತೇ ಎನ್ನುವುದು ನನಗೆ ಇನ್ನೂ ಬಗೆಹರಿಯದ ಪ್ರಶ್ನೆ.

ಈಗ ಕೂಟ ಇದರ ಮುಂದಿನ ಪುಸ್ತಕಕ್ಕೆ ಬಂದಿದೆ, ನಿಧಿ ಹುಡುಕಲು ಕಡಲಿಗೆ ಹೋಗುವ ಕಥೆ. ಅದರಲ್ಲಿ ಕಿವಿ ಸರಿಯಾಗಿ ಕೇಳದ ಒಬ್ಬ ಪ್ರೊಫೆಸರ್ ಮೊದಲ ಸಲ ಬರುತ್ತಾರೆ. ಸಿನಿಮಾದಲ್ಲಿ ಅವರಿಲ್ಲ. ಸೋಮಣ್ಣನ ಮಾವನೂ ಅವರಿಗೆ ಹೆಸರಿಟ್ಟಿಲ್ಲ. ಆ ಪುಸ್ತಕ ಬಂಗಲೆಯಿಂದ ರೈಟರ ಮನೆಗೆ ಬರುವ ಮೊದಲೇ ಮಾವನಿಗೆ ಬೇರೆ ತೋಟಕ್ಕೆ ವರ್ಗವಾಗಿತ್ತು. ಫ್ರೆಂಚ್‌ನಲ್ಲಿ ಆತನ ಹೆಸರಿಗೆ ಸೂರ್ಯಕಾಂತಿ ಎಂದರ್ಥ, ಇಂಗ್ಲಿಷ್‌ನಲ್ಲಿ ಗಣಿತದ ಪದ. ಗುಂಡ 'ಕಿವುಡಪ್ಪ' ಎಂದ. ಅವನ ಪಕ್ಕದ ಹುಡುಗಿಯ ಅಜ್ಜನಿಗೆ ಕಿವಿ ಕೇಳಿಸುವುದಿಲ್ಲ, ಆಕೆ ಬೇಡವೆಂದಳು. ಮಿಂಚು 'ಏನಂದ್ರಿ ಮೇಷ್ಟ್ರು' ಎಂದಿದ್ದಾಳೆ. ಸೋಮಣ್ಣ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಹೆಸರುಗಳನ್ನು ಬರೆದು ಹೊಡೆದುಹಾಕುತ್ತಿದ್ದಾರೆ. ಎರಡು ಶನಿವಾರ ಕಳೆದಿವೆ, ಪ್ರೊಫೆಸರ್ ಇನ್ನೂ ಬಾಗಿಲಲ್ಲೇ ನಿಂತಿದ್ದಾರೆ.